ಎಲ್ಲ ಜಾತ್ರೆಯಲ್ಲೂ ಅದೇ ನವಿಲು

ಚಾಮರಾಜನಗರದಿಂದ ಗುಂಡ್ಲುಪೇಟೆಯವರೆಗೆ ಯಾವ ಊರಿನ ಹಬ್ಬಕ್ಕೆ ಬೇಕಾದರೂ ಹೋಗಿ, ಬಸ್ ನಿಲ್ಲುವ ಕಡೆ ಒಂದು ದೊಡ್ಡ ಲೈಟಿಂಗ್ಸ್ ಕಟೌಟ್ ಎದ್ದು ನಿಂತಿರುತ್ತದೆ. ಅದರಲ್ಲೊಂದು ನವಿಲು. ಮೊದಲು ನೀಲಿಯಾಗಿ ಹೊತ್ತಿಕೊಂಡು, ಆಮೇಲೆ ಒಂದೊಂದೇ ಗರಿ ಬಿಚ್ಚಿ, ಕೊನೆಗೆ ಮೈಯೆಲ್ಲ ಕಾಮನಬಿಲ್ಲಾಗಿ ಗಿರ್ರನೆ ತಿರುಗಿ ಆರುತ್ತದೆ. ಮುಂದಿನ ವಾರ ಹತ್ತು ಮೈಲಿ ಆಚೆಯ ಇನ್ನೊಂದು ಊರಿನ ಮಾರಿಹಬ್ಬಕ್ಕೆ ಹೋದರೆ ಅಲ್ಲೂ ಅದೇ ನವಿಲು, ಅದೇ ನೀಲಿ, ಆರುವುದೂ ಅದೇ ಲೆಕ್ಕಕ್ಕೆ. ದೇವರು ಬೇರೆ, ಬೆಳಕು ಒಂದೇ. ಇದು ತತ್ತ್ವಪದವಲ್ಲ, ಮೆಮೊರಿ ಕಾರ್ಡಿನ ಮಹಿಮೆ.

ಕಟೌಟಿನ ಹಿಂಬದಿಗೆ ಹೋಗಿ ನೋಡಿದರೆ ಗುಟ್ಟು ಗೊತ್ತಾಗುತ್ತದೆ. ಪ್ಲೈವುಡ್ಡಿಗೋ ಶೀಟಿಗೋ ಸಾಲಾಗಿ ತೂತು ಕೊರೆದು ಒಂದೊಂದರಲ್ಲೂ ಗುಂಡಿನಾಕಾರದ ಪಿಕ್ಸೆಲ್ ಲೈಟು ತುರುಕಿರುತ್ತಾರೆ. ಎಲ್ಲಕ್ಕೂ ಸೇರಿ ಕೈಯಗಲದ ಒಂದು ಕಂಟ್ರೋಲರ್. ಬಹುಪಾಲು ಚೀನಾದ ಟಿ-1000ಎಸ್ ಅಥವಾ ಅದರ ಅಣ್ಣತಮ್ಮಂದಿರು. ಅದರೊಳಗೆ ಒಂದು ಎಸ್‌ಡಿ ಕಾರ್ಡು. ಕಂಪ್ಯೂಟರಿನಲ್ಲಿ ‘ಎಲ್‌ಇಡಿ ಎಡಿಟ್’ ಎಂಬ ತಂತ್ರಾಂಶದಲ್ಲಿ ಯಾರೋ ಯಾವಾಗಲೋ ಮಾಡಿದ ಫೈಲು ಕಾರ್ಡಿಗೆ ಬಂದಿರುತ್ತದೆ. ಕಂಟ್ರೋಲರ್ ಅದನ್ನು ಚಿತ್ರದ ಹಿಂದೆ ಚಿತ್ರ ಓದಿ ಹೊರಗೆ ಕಳಿಸುತ್ತದೆ, ಮುಗಿದ ಮೇಲೆ ಮೊದಲಿನಿಂದ. ಸುತ್ತ ಏನು ನಡೆಯುತ್ತಿದೆ ಎಂಬುದರ ಪರಿವೆ ಅದಕ್ಕಿಲ್ಲ. ತೇರು ಹೊರಟಿತೋ, ಮಂಗಳಾರತಿ ಆಯಿತೋ, ಮಳೆ ಬಂದು ಜನ ಚದುರಿದರೋ, ನವಿಲು ಕುಣಿಯುತ್ತಲೇ ಇರುತ್ತದೆ. ಲೈಟಿಂಗ್ಸ್‌ನವರನ್ನು ದೂರುವ ಹಾಗೂ ಇಲ್ಲ. ಸೀಸನ್ನಿನಲ್ಲಿ ದಿನಕ್ಕೊಂದು ಊರು ಅವರಿಗೆ, ರಾತ್ರಿ ಬಿಚ್ಚಿ ಬೆಳಗ್ಗೆ ಕಟ್ಟಬೇಕು. ಹೊಸ ಡಿಸೈನಿಗೆ ಕೂರಲು ಪುರಸೊತ್ತು ಎಲ್ಲಿ?

ಆದರೆ ಐನೂರು ರೂಪಾಯಿ ಒಳಗೆ ಸಿಗುವ ಮೈಕ್ರೊಕಂಟ್ರೋಲರ್ ಬೋರ್ಡಿನಲ್ಲಿ ನಮ್ಮೂರಿಗೆ ನಮ್ಮದೇ ಬೆಳಕನ್ನು ಬರೆದುಕೊಳ್ಳಬಹುದು. ಈ ಬರಹ ಅದರ ಬಗ್ಗೆ. ಲೆಕ್ಕಕ್ಕೆ ಒಂದು ಊರು ಬೇಕಲ್ಲ, ಹರದನಹಳ್ಳಿಯನ್ನೇ ಇಟ್ಟುಕೊಳ್ಳೋಣ. ಹರದನಹಳ್ಳಿ ಎಂದೊಡನೆ ಬೇರೆ ಜಿಲ್ಲೆಯವರಿಗೆ ಎಚ್.ಡಿ. ದೇವೇಗೌಡರ ನೆನಪಾಗುತ್ತದೆ. ಅದು ಹೊಳೆನರಸೀಪುರದ ಕಡೆಯದು. ಇದು ಚಾಮರಾಜನಗರದ ಮಗ್ಗುಲಿನ ಹರದನಹಳ್ಳಿ, ದಿವ್ಯಲಿಂಗೇಶ್ವರನ ಊರು, ತೋಂಟದ ಸಿದ್ಧಲಿಂಗ ಯತಿಗಳ ಗುರು ಗೋಸಲ ಚೆನ್ನಬಸವೇಶ್ವರರು ಇದ್ದ ಊರು. ಗುಡಿಗೆ ಎತ್ತರದ ಗೋಪುರವಿದೆ. ಹಬ್ಬದ ರಾತ್ರಿ ಆ ಗೋಪುರದ ಮೈಮೇಲೆ ಬೆಳಕು ಹತ್ತಿ ಇಳಿಯುವ ಹಾಗೆ ಮಾಡುವುದು ನಮ್ಮ ಕೆಲಸ ಎಂದಿಟ್ಟುಕೊಳ್ಳಿ.

ಬೆಳಕಿನ ಆಟ ಈ ಸೀಮೆಗೆ ಹೊಸತೇನಲ್ಲ. ಚಿಕ್ಕಲ್ಲೂರು ಜಾತ್ರೆ ಶುರುವಾಗುವುದೇ ಚಂದ್ರಮಂಡಲದಿಂದ. ಬಿದಿರಿನ ಚೌಕಟ್ಟಿಗೆ ಬಟ್ಟೆ ಸುತ್ತಿ ಎಣ್ಣೆ ಹಾಕಿ ಹಚ್ಚುತ್ತಾರೆ. ಉರಿ ಯಾವ ದಿಕ್ಕಿಗೆ ಚೆನ್ನಾಗಿ ಹತ್ತಿತು ಎಂದು ನೋಡಿ ಆ ವರ್ಷ ಯಾವ ಕಡೆ ಮಳೆಬೆಳೆ ಚೆನ್ನಾಗಿ ಆಗುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಸಾವಿರಾರು ಜನ ಉಸಿರು ಬಿಗಿಹಿಡಿದು ನೋಡುವ ಬೆಳಕು ಅದು. ಯಾಕೆಂದರೆ ಮುಂದೇನಾಗುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ನಮ್ಮ ನವಿಲಿಗೆ ಇಲ್ಲದ್ದು ಇದೇ.

ಕರೆಂಟಿನ ಬೆಳಕು ನಮ್ಮ ಕಡೆಗೆ ಬಂದ ಕಥೆಯೂ ದೂರದ್ದಲ್ಲ. ಕಾವೇರಿಯ ಭರಚುಕ್ಕಿ ಧುಮುಕುವುದು ನಮ್ಮ ಜಿಲ್ಲೆಯ ನೆಲಕ್ಕೆ, ಗಗನಚುಕ್ಕಿ ಆಚೆ ಮಂಡ್ಯದ ಕಡೆಗೆ. ಅಲ್ಲಿನ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, 1905ಕ್ಕೆ ಬೆಂಗಳೂರಿಗೆ, ಮೈಸೂರಿಗೆ 1908ಕ್ಕೆ. ಹೆನ್ರಿ ಇರ್ವಿನ್ ಕಟ್ಟಿದ ಈಗಿನ ಅರಮನೆ ಮುಗಿದದ್ದು 1912ರಲ್ಲಿ. ಅದರ ಮೈತುಂಬ ಸುಮಾರು 1 ಲಕ್ಷ ಬಲ್ಬುಗಳಿವೆ, ಇವತ್ತಿಗೂ ತಂತಿ ಕಾಯುವ ಹಳೆಯ ಬಲ್ಬುಗಳೇ. ಅಲ್ಲಿ ಓಡುವ ದೀಪವಿಲ್ಲ, ಬಣ್ಣ ಬದಲಾಗುವುದಿಲ್ಲ. ಕತ್ತಲಾದ ಮೇಲೆ ಒಂದು ಸ್ವಿಚ್ಚು ಒತ್ತುತ್ತಾರೆ, ಇಡೀ ಅರಮನೆ ಒಮ್ಮೆಗೇ ಹೊತ್ತುತ್ತದೆ, ನೆರೆದವರೆಲ್ಲ ಓ ಎನ್ನುತ್ತಾರೆ. ದಸರಾದಲ್ಲಿ ಎಷ್ಟೇ ಎಲ್‌ಇಡಿ ಕಮಾನು ಕಟ್ಟಲಿ, 2024ರಲ್ಲಿ ಬನ್ನಿಮಂಟಪದ ಮೇಲೆ 1500 ಡ್ರೋನುಗಳನ್ನೇ ಹಾರಿಸಿರಲಿ, ನನ್ನ ಮಟ್ಟಿಗೆ ಹಳೇ ಮೈಸೂರು ಸೀಮೆಯ ಅತ್ಯುತ್ತಮ ಲೈಟಿಂಗ್ ಎಫೆಕ್ಟ್ ಆ ಒಂದು ಸ್ವಿಚ್ಚು. ಅದರಲ್ಲಿ ಕೌಶಲ ಇರುವುದು ಹಚ್ಚುವುದರಲ್ಲಲ್ಲ, ಅಲ್ಲಿಯವರೆಗೆ ಹಚ್ಚದೆ ಇರುವುದರಲ್ಲಿ.

ಆ ಬಲ್ಬಿನಲ್ಲಿ ಇನ್ನೊಂದು ನಾಜೂಕಿದೆ. ತಂತಿ ಕಾದು ಬೆಳಕು ಕೊಡಲು ಕ್ಷಣದ ಒಂದು ಪಾಲು ಹೊತ್ತು ಬೇಕು, ಆರುವಾಗ ಕೆಂಪಗಾಗಿ ಮೆಲ್ಲಗೆ ಆರುತ್ತದೆ. ಎಲ್‌ಇಡಿಗೆ ಆ ದಾಕ್ಷಿಣ್ಯವಿಲ್ಲ. ಕರೆಂಟು ಬಂತೋ ಬೆಳಕು, ಹೋಯಿತೋ ಕತ್ತಲು. ಕಣ್ಣಿಗೆ ಚುಚ್ಚುವುದು ಅದಕ್ಕೇ. ಆ ನಾಜೂಕನ್ನು ಎಲ್‌ಇಡಿಗೆ ಕಲಿಸಲು ಸಾಧ್ಯ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹಳೆಯ ಸೀರಿಯಲ್ ಸೆಟ್ಟು. ನಲವತ್ತು ದಾಟಿದವರೆಲ್ಲ ಇದರ ಕೈಯಲ್ಲಿ ನೊಂದವರೇ. 6 ವೋಲ್ಟಿನ ಪುಟಾಣಿ ಬಲ್ಬುಗಳನ್ನು ಸುಮಾರು 40ರಷ್ಟು ಒಂದರ ಬಾಲಕ್ಕೊಂದು ಜೋಡಿಸಿದರೆ ಮನೆಯ 230 ವೋಲ್ಟಿಗೆ ಸರಿಹೋಗುತ್ತದೆ. ಒಂದು ಸುಟ್ಟರೆ ಸಾಲೇ ಬಂದ್. ಗೌರಿ ಹಬ್ಬದ ಸಂಜೆ ಒಂದೊಂದೇ ಬಲ್ಬು ತೆಗೆದು ಹಾಕಿ ಸತ್ತದ್ದನ್ನು ಹುಡುಕುವುದೇ ಒಂದು ಕೆಲಸ. ಆ ಸೆಟ್ಟು ಮಿಣುಕುತ್ತಿದ್ದದ್ದು ಹೇಗೆ? ಸಾಲಿನಲ್ಲಿ ಒಂದು ಬಲ್ಬು ಮಾತ್ರ ಬೇರೆ ಥರದ್ದು. ಅದರ ಗಾಜಿನೊಳಗೆ ತಂತಿಯ ಪಕ್ಕ ಎರಡು ಲೋಹ ಬೆಸೆದ ಒಂದು ಸಣ್ಣ ಪಟ್ಟಿ. ಬಲ್ಬು ಹೊತ್ತಿದಾಗ ಪಟ್ಟಿ ಕಾಯುತ್ತದೆ. ಎರಡು ಲೋಹ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ ಪಟ್ಟಿ ಬಾಗಿ ಸಂಪರ್ಕ ಬಿಡುತ್ತದೆ, ಇಡೀ ಸಾಲು ಆರುತ್ತದೆ. ತಣ್ಣಗಾದ ಮೇಲೆ ನೆಟ್ಟಗಾಗಿ ಮತ್ತೆ ತಾಗುತ್ತದೆ. ಚಳಿಗಾಲದಲ್ಲಿ ಒಂದು ಲಯ, ಬೇಸಿಗೆಯಲ್ಲಿ ಇನ್ನೊಂದು. ಮಿಣುಕು ಕೂಡ ಹವಾಮಾನ ಕೇಳುತ್ತಿದ್ದ ಕಾಲ ಅದು.

ದೊಡ್ಡ ಪೆಂಡಾಲುಗಳಿಗೆ ಅದು ಸಾಲದು. ದೀಪಾಲಂಕಾರಕ್ಕೆ ಹೆಸರಾದ ಬಂಗಾಳದ ಚಂದನನಗರದಲ್ಲಿ ಮರದ ಉರುಳೆಗೆ ತಾಮ್ರದ ಪಟ್ಟಿ ಬಡಿದು, ಮೋಟಾರಿನಿಂದ ತಿರುಗಿಸಿ, ಪಟ್ಟಿ ತಾಗಿದ ಕಡೆ ಮಾತ್ರ ಬಲ್ಬು ಹೊತ್ತುವಂತೆ ಮಾಡುತ್ತಿದ್ದರು. ಪಟ್ಟಿ ಉದ್ದವಿದ್ದರೆ ದೀಪ ಹೆಚ್ಚು ಹೊತ್ತು, ಗಿಡ್ಡವಿದ್ದರೆ ಕಡಿಮೆ. ಉರುಳೆಯ ಮೇಲಿನ ಆ ತಾಮ್ರದ ಚಿತ್ತಾರವೇ ಪ್ರೋಗ್ರಾಂ. ಆಮೇಲೆ ಬಂದದ್ದು 555 ಮತ್ತು 4017ರ ಜೋಡಿ. 555ನ್ನು ಹಾನ್ಸ್ ಕಾಮೆನ್‌ಜಿಂಡ್ ಎಂಬ ಸ್ವಿಸ್ ಮೂಲದ ಎಂಜಿನಿಯರ್ 1971ರಲ್ಲಿ ರೂಪಿಸಿದ. ಎರಡು ರೆಸಿಸ್ಟರು, ಒಂದು ಕೆಪಾಸಿಟರು ಸೇರಿಸಿದರೆ ಅದು ಟಿಕ್ ಟಿಕ್ ಎನ್ನುತ್ತದೆ. 4017 ಆ ಟಿಕ್‌ಗಳನ್ನು ಎಣಿಸಿ ಹತ್ತು ಕಾಲುಗಳಲ್ಲಿ ಒಂದಾದ ಮೇಲೊಂದಕ್ಕೆ ಕರೆಂಟು ಕೊಡುತ್ತದೆ. 10 ಕಿಲೋ ಓಮಿನ ಎರಡು ರೆಸಿಸ್ಟರು, 10 ಮೈಕ್ರೊಫ್ಯಾರಡ್ ಕೆಪಾಸಿಟರು ಹಾಕಿದರೆ ಸೆಕೆಂಡಿಗೆ ಸುಮಾರು 5 ಹೆಜ್ಜೆ. ಒಂದು ರೆಸಿಸ್ಟರಿನ ಬದಲು ತಿರುಗಿಸುವ ಪ್ರಿಸೆಟ್ ಹಾಕಿಕೊಂಡರೆ ವೇಗ ನಿಮ್ಮ ಕೈಯಲ್ಲಿ. ಡಿಪ್ಲೊಮಾ ಓದುವ ಅರ್ಧಕ್ಕರ್ಧ ಹುಡುಗರ ಮೊದಲ ಸರ್ಕ್ಯೂಟು ಇದೇ. ಆಟೊಗಳ ಹಿಂದೆ, ದೇವರ ಫೋಟೊದ ಸುತ್ತ ಓಡುತ್ತಿದ್ದ ಕೆಂಪು ದೀಪಗಳ ಹಿಂದೆ ಇದ್ದದ್ದೂ ಬಹುಪಾಲು ಇದೇ ಜೋಡಿ. ಇದಕ್ಕೆ ಬರುವುದು ಓಟ ಒಂದೇ. ವಾಪಸು ಬಾ ಎನ್ನಬೇಕಾದರೆ ವೈರಿಂಗೇ ಬದಲಾಗಬೇಕು.

ಮೈಕ್ರೊಕಂಟ್ರೋಲರ್ ಬಂದ ಮೇಲೆ ವೈರಿಂಗು ಹಾಗೇ ಇರುತ್ತದೆ, ಬದಲಾಗುವುದು ಬರಹ ಮಾತ್ರ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಹುಕಾಲ ಪಾಠವಾಗಿದ್ದದ್ದು ಇಂಟೆಲ್ 1980ರಲ್ಲಿ ತಂದ 8051ರ ವಂಶ. ಈಗ ಶಾಲೆಯ ಮಕ್ಕಳ ಕೈಗೂ ಬಂದಿರುವುದು 2005ರಲ್ಲಿ ಇಟಲಿಯ ಇವ್ರೆಯಾದಲ್ಲಿ ಹುಟ್ಟಿದ ಆರ್ಡುಯಿನೊ. 2016ರಿಂದ ಕೇಂದ್ರ ಸರ್ಕಾರ ಶಾಲೆಗಳಿಗೆ ಕೊಟ್ಟ ಅಟಲ್ ಟಿಂಕರಿಂಗ್ ಲ್ಯಾಬುಗಳ ಪೆಟ್ಟಿಗೆಯಲ್ಲೂ ಇದು ಇರುತ್ತದೆ. ಕೆಲವು ಕಡೆ ಪೆಟ್ಟಿಗೆ ಇನ್ನೂ ಬೀಗ ತೆಗೆಯದೆ ಕೂತಿದೆ ಎಂಬುದು ಬೇರೆ ಮಾತು. ಆರ್ಡುಯಿನೊ ಊನೊದ ಮೇಲಿರುವ ಎಟಿಮೆಗಾ328ಪಿ ಚಿಪ್ಪು ಸೆಕೆಂಡಿಗೆ 1.6 ಕೋಟಿ ಸಲ ಮಿಡಿಯುತ್ತದೆ. ಪ್ರೋಗ್ರಾಂ ಬರೆದಿಡಲು 32 ಕಿಲೋಬೈಟು, ಕೆಲಸ ಮಾಡುವಾಗ ನೆನಪಿಟ್ಟುಕೊಳ್ಳಲು ಬರೀ 2 ಕಿಲೋಬೈಟು ಜಾಗ. ನಿಮ್ಮ ಫೋನಿನ ಒಂದು ವಾಟ್ಸ್‌ಆ್ಯಪ್ ಸ್ಟಿಕರ್ ಇದರಲ್ಲಿ ಹಿಡಿಸುವುದಿಲ್ಲ. ಗೋಪುರಕ್ಕೆ ಬೆಳಕು ಹತ್ತಿಸಲು ಧಾರಾಳ ಸಾಕು.

ಒಂದು ಕೆಂಪು ಎಲ್‌ಇಡಿಯಿಂದ ಶುರುಮಾಡಿ. ಅದಕ್ಕೆ ಸುಮಾರು 2 ವೋಲ್ಟು ಸಾಕು, ಬೋರ್ಡು ಕೊಡುವುದು 5. ಉಳಿದ 3 ವೋಲ್ಟನ್ನು ಯಾರಾದರೂ ಹೊರಬೇಕು, ಇಲ್ಲವಾದರೆ ಎಲ್‌ಇಡಿ ಒಂದು ಸಲ ಜೋರಾಗಿ ಬೆಳಗಿ ಕೈಕೊಡುತ್ತದೆ. 15 ಮಿಲಿ ಆಂಪಿಯರ್ ಬೇಕೆಂದರೆ 3ನ್ನು 0.015ರಿಂದ ಭಾಗಿಸಿ: 200 ಓಮು. ಅಂಗಡಿಯಲ್ಲಿ ಹತ್ತಿರದ್ದು ಸಿಗುವುದು 220, ಕೆಂಪು ಕೆಂಪು ಕಂದು ಪಟ್ಟಿಯದು. ಬಿಳಿ ಅಥವಾ ನೀಲಿ ಎಲ್‌ಇಡಿಗೆ 3 ವೋಲ್ಟಿನ ಮೇಲೆ ಬೇಕು. ಅದೇ ರೆಸಿಸ್ಟರಿನಲ್ಲಿ ಅದಕ್ಕೆ ಹರಿಯುವ ಕರೆಂಟು ಕಡಿಮೆ. ನೀಲಿಗೆ ಹೆಚ್ಚು ವೋಲ್ಟು ಬೇಕೆಂಬುದನ್ನು ನೆನಪಿಡಿ, ಗೋಪುರದ ಮೇಲೆ ಇದೇ ಕಾಟ ಕೊಡುತ್ತದೆ. ಅಂದ ಹಾಗೆ ನೀಲಿ ಎಲ್‌ಇಡಿ ತಡವಾಗಿ ಬಂದದ್ದು. ಕೆಂಪನ್ನು ನಿಕ್ ಹೊಲೊನ್ಯಾಕ್ 1962ರಲ್ಲೇ ತೋರಿಸಿದ್ದ. ಒಳ್ಳೆಯ ನೀಲಿಗಾಗಿ 1990ರ ದಶಕದವರೆಗೆ ಕಾಯಬೇಕಾಯಿತು. ಅದನ್ನು ಮಾಡಿದ ಅಕಾಸಾಕಿ, ಅಮಾನೊ, ನಕಮುರಾ ಮೂವರಿಗೆ 2014ರಲ್ಲಿ ನೊಬೆಲ್ ಬಂತು. ಅವರಿಲ್ಲದಿದ್ದರೆ ನಮ್ಮ ನವಿಲೂ ಇರುತ್ತಿರಲಿಲ್ಲ.

ಚಿಪ್ಪಿನ ಒಂದು ಕಾಲು ತಾಳುವುದು ಹೆಚ್ಚೆಂದರೆ 40 ಮಿಲಿ ಆಂಪಿಯರ್, ಇಡೀ ಚಿಪ್ಪು 200. ಆದ್ದರಿಂದ ಹತ್ತು ಹನ್ನೆರಡು ಎಲ್‌ಇಡಿಯ ಮೇಲೆ ಹೋಗುವುದಾದರೆ ನಡುವೆ ಹೊರುವ ಆಳು ಬೇಕು. ಯುಎಲ್‌ಎನ್2803 ಎಂಬ ಐಸಿಯಲ್ಲಿ ಎಂಟು ದಾರಿಗಳಿವೆ, ಒಂದೊಂದು ದಾರಿಯೂ 500 ಮಿಲಿ ಆಂಪಿಯರ್‌ವರೆಗೆ ಹೊರಬಲ್ಲದು. ಎಂಟೂ ದಾರಿಗೆ ಒಟ್ಟಿಗೆ ಅಷ್ಟು ಹೇರಿದರೆ ಐಸಿ ಮುಟ್ಟಲಾಗದಷ್ಟು ಕಾಯುತ್ತದೆ, ಅದೂ ಗೊತ್ತಿರಲಿ. ಚಿಪ್ಪು ಅಪ್ಪಣೆ ಕೊಡುತ್ತದೆ, ಭಾರ ಹೊರುವುದು ಇದು. ಎಲ್‌ಇಡಿಯ ಮೈನಸ್ ಕಾಲು ಇದಕ್ಕೆ ಬರುತ್ತದೆ, ಪ್ಲಸ್ ಕಾಲು ರೆಸಿಸ್ಟರಿನ ಮೂಲಕ ನೇರ ಸಪ್ಲೈಗೆ. ಇವೆಲ್ಲ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹಿಡಿಗಟ್ಟಲೆ ಸಿಗುತ್ತವೆ. ಈಗ ಆನ್‌ಲೈನಿನಲ್ಲಿ ಆರ್ಡರ್ ಹಾಕಿದರೆ ಚಾಮರಾಜನಗರಕ್ಕೂ ಬರುತ್ತವೆ.

ಈಗ ಆ ನಾಜೂಕಿನ ವಿಚಾರ. ಚಿಪ್ಪಿಗೆ ಅರ್ಧ ಬೆಳಕು ಕೊಡಲು ಬರುವುದಿಲ್ಲ. ಹಚ್ಚುವುದು, ಆರಿಸುವುದು, ಎರಡೇ ಗೊತ್ತು. ಆದರೆ ಸೆಕೆಂಡಿಗೆ ಸುಮಾರು 490 ಸಲ ಹಚ್ಚಿ ಆರಿಸಿದರೆ ಕಣ್ಣಿಗೆ ಮಿಣುಕು ಕಾಣದೆ ಮಂದ ಬೆಳಕು ಕಾಣುತ್ತದೆ. ಪ್ರತಿ ಸುತ್ತಿನಲ್ಲಿ ಎಷ್ಟು ಹೊತ್ತು ಹಚ್ಚಿಡಬೇಕು ಎಂಬುದನ್ನು 0ಯಿಂದ 255ರವರೆಗೆ ಹೇಳಬಹುದು. ಪಿಡಬ್ಲ್ಯುಎಂ ಎನ್ನುವುದು ಇದನ್ನೇ. ಅರ್ಧ ಬೆಳಕು ಬೇಕು, 128 ಕೊಟ್ಟರಾಯಿತು ಎಂದುಕೊಂಡರೆ ಕೆಟ್ಟಿರಿ. ಕಣ್ಣು ಕತ್ತಲ ಕಡೆ ಬಹಳ ಸೂಕ್ಷ್ಮ, ಬೆಳಕಿನ ಕಡೆ ಉದಾಸೀನ. 128ರಲ್ಲಿ ದೀಪ ಮುಕ್ಕಾಲು ಪಾಲು ಹೊತ್ತಿದಂತೆಯೇ ಕಾಣುತ್ತದೆ. ಕಣ್ಣಿಗೆ ಅರ್ಧ ಎನಿಸಬೇಕಾದರೆ ಕೊಡಬೇಕಾದ್ದು ಸುಮಾರು 55. ಆದ್ದರಿಂದ ತಿಳಿದವರು ಒಂದು ಪಟ್ಟಿ ಬರೆದಿಟ್ಟುಕೊಂಡು ಅದರ ಮೂಲಕವೇ ಬೆಳಕು ಏರಿಸಿ ಇಳಿಸುತ್ತಾರೆ. ಮೊದಲು ತೀರ ಸಣ್ಣ ಹೆಜ್ಜೆ, ಕೊನೆಗೆ ದೊಡ್ಡ ಹೆಜ್ಜೆ. ಏರಲು ಸೆಕೆಂಡಿನ ಏಳನೇ ಒಂದು ಪಾಲು, ಇಳಿಯಲು ಅದರ ಎರಡರಷ್ಟು ಹೊತ್ತು, ಬಣ್ಣ ಬದಲಿಸುವ ಎಲ್‌ಇಡಿಯಾದರೆ ಇಳಿಯುವಾಗ ನೀಲಿಯನ್ನು ಬೇಗ, ಕೆಂಪನ್ನು ತಡವಾಗಿ ತೆಗೆದರೆ ಎಲ್‌ಇಡಿ ಅರಮನೆಯ ಬಲ್ಬಿನ ಹಾಗೆಯೇ ಆರುತ್ತದೆ. ಖರ್ಚು ಸೊನ್ನೆ. ಕಟೌಟ್ ಕಟ್ಟುವವರು ಇದೊಂದನ್ನು ಮಾಡಿದರೂ ಹಬ್ಬದ ಬೀದಿ ಕಣ್ಣಿಗೆ ಹಿತವಾಗುತ್ತಿತ್ತು.

ಹೊತ್ತನ್ನು ಎಣಿಸುವ ರೀತಿಯಲ್ಲೂ ಹೊಸಬರು ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ಪುಸ್ತಕದ ಮೊದಲ ಪಾಠದಲ್ಲಿ ‘ಡಿಲೇ’ ಎಂಬ ಅಪ್ಪಣೆ ಇರುತ್ತದೆ: ಹಚ್ಚು, ಅರ್ಧ ಸೆಕೆಂಡು ಕಾಯಿ, ಆರಿಸು. ಕಾಯುವಾಗ ಚಿಪ್ಪು ಬೇರೇನೂ ಮಾಡುವುದಿಲ್ಲ. ಹಾಲು ಉಕ್ಕುವುದನ್ನೇ ನೋಡುತ್ತ ಒಲೆ ಮುಂದೆ ಕೂತವರ ಹಾಗೆ, ಬಾಗಿಲು ಬಡಿದರೂ ಕೇಳಿಸುವುದಿಲ್ಲ. ಬಟನ್ ಒತ್ತಿದರೆ ಎಫೆಕ್ಟ್ ಬದಲಾಗಬೇಕು, ಒಂದು ಸಾಲು ಓಡುತ್ತಿರುವಾಗಲೇ ಇನ್ನೊಂದು ಸಾಲು ಮೆಲ್ಲಗೆ ಉಸಿರಾಡಬೇಕು ಎಂದರೆ ಇದರಿಂದ ಆಗದು. ಬದಲಿಗೆ ‘ಮಿಲಿಸ್’ ಕೇಳಬೇಕು. ಕರೆಂಟು ಬಂದಾಗಿನಿಂದ ಎಷ್ಟು ಮಿಲಿ ಸೆಕೆಂಡು ಕಳೆಯಿತು ಎಂದು ಅದು ಹೇಳುತ್ತದೆ. ಪ್ರತಿ ಸಾಲೂ ತನ್ನ ಮುಂದಿನ ಸರದಿ ಯಾವಾಗ ಎಂದು ಬರೆದಿಟ್ಟುಕೊಳ್ಳುತ್ತದೆ. ಚಿಪ್ಪು ಸುತ್ತು ಹಾಕುತ್ತ ಯಾರ ಹೊತ್ತಾಯಿತೋ ಅವರ ಕೆಲಸ ಮಾಡಿ ಮುಂದೆ ಹೋಗುತ್ತದೆ. ಇಷ್ಟು ತಿಳಿದರೆ ಲೈಟ್ ಎಫೆಕ್ಟಿನ ಪ್ರೋಗ್ರಾಮಿಂಗ್ ಮುಕ್ಕಾಲು ತಿಳಿದಂತೆ.

ಗೋಪುರಕ್ಕೆ ಬರೋಣ. ಒಂಟಿ ಎಲ್‌ಇಡಿ ಇಲ್ಲಿ ನಡೆಯುವುದಿಲ್ಲ, ಪಟ್ಟಿ ಬೇಕು. ಡಬ್ಲ್ಯುಎಸ್2812 ಎಂಬ ಪಟ್ಟಿಯಲ್ಲಿ ಪ್ರತಿ ಎಲ್‌ಇಡಿಯ ಹೊಟ್ಟೆಯಲ್ಲೂ ಕೆಂಪು, ಹಸಿರು, ನೀಲಿ ಮೂರು ದೀಪಗಳೂ ಒಂದು ಪುಟ್ಟ ಚಿಪ್ಪೂ ಇವೆ. ಮೂರೇ ತಂತಿ: ಪ್ಲಸ್, ಮೈನಸ್, ಡೇಟಾ. ಬೋರ್ಡು ಡೇಟಾ ತಂತಿಯಲ್ಲಿ ಬಣ್ಣಗಳ ಸಾಲನ್ನು ಕಳಿಸುತ್ತದೆ. ಮೊದಲ ಎಲ್‌ಇಡಿ ತನ್ನ ಪಾಲಿನ 24 ಬಿಟ್ಟು ಇಟ್ಟುಕೊಂಡು ಉಳಿದದ್ದನ್ನು ಮುಂದಕ್ಕೆ ದಾಟಿಸುತ್ತದೆ, ಎರಡನೆಯದು ತನ್ನದನ್ನು ಇಟ್ಟುಕೊಂಡು ಮುಂದಕ್ಕೆ. ಪಂಕ್ತಿಯಲ್ಲಿ ಕೊನೆಯವನಿಗೂ ಬರುತ್ತದೆ. ಒಂದಕ್ಕೆ ಹಿಡಿಯುವುದು 30 ಮೈಕ್ರೊ ಸೆಕೆಂಡು, 150 ಎಲ್‌ಇಡಿಗೆ ನಾಲ್ಕೂವರೆ ಮಿಲಿ ಸೆಕೆಂಡು. ಸೆಕೆಂಡಿಗೆ 200 ಸಲ ಇಡೀ ಸಾಲಿನ ಚಿತ್ರ ಬದಲಿಸಬಹುದು, ಕಣ್ಣಿಗೆ ಅಷ್ಟು ಬೇಡವೇ ಬೇಡ. ಒಂದು ಎಲ್‌ಇಡಿಗೆ 3 ಬೈಟಿನಂತೆ ಊನೊದ 2 ಕಿಲೋಬೈಟಿನಲ್ಲಿ 500 ಎಲ್‌ಇಡಿ ಹಿಡಿಸುತ್ತದೆ. ಅದರ ಮೇಲೆ ಬೇಕೆಂದರೆ ಇಎಸ್‌ಪಿ32 ಥರದ ಬೋರ್ಡಿಗೆ ಹೋಗಿ.

ಲೆಕ್ಕ ತಪ್ಪುವುದು ಬರಹದಲ್ಲಲ್ಲ, ಕರೆಂಟಿನಲ್ಲಿ. ಒಂದು ಎಲ್‌ಇಡಿ ಪೂರ್ತಿ ಬಿಳಿಯಾಗಿ ಹೊತ್ತಿದರೆ ಸುಮಾರು 60 ಮಿಲಿ ಆಂಪಿಯರ್ ಎಳೆಯುತ್ತದೆ. 150 ಇದ್ದರೆ 9 ಆಂಪಿಯರ್, 5 ವೋಲ್ಟಿನ ಲೆಕ್ಕದಲ್ಲಿ 45 ವ್ಯಾಟ್. ಫೋನಿನ ಚಾರ್ಜರಿಗೆ ಸಿಕ್ಕಿಸಿ ‘ಯಾಕೋ ಹೊತ್ತುತ್ತಿಲ್ಲ’ ಎನ್ನುವುದು ಇಲ್ಲಿಯೇ. ಅಷ್ಟು ಕರೆಂಟು ಪಟ್ಟಿಯ ಕಾಗದದಷ್ಟು ತೆಳುವಾದ ತಾಮ್ರದಲ್ಲಿ ಐದು ಮೀಟರು ಹೋಗುವಷ್ಟರಲ್ಲಿ ದಾರಿಯಲ್ಲೇ ವೋಲ್ಟು ಸೋರಿಹೋಗುತ್ತದೆ. ಲೈಟು ಕಟ್ಟುವ ಜಾಗದಲ್ಲಿ ಈ ಮಾತು ಕೇಳದೆ ಇರುವುದಿಲ್ಲ:

‘ಏನ್ಲಾ ಇದು, ಕೆಳಗ ಬೆಳ್ಳಗದ, ಮ್ಯಾಲಕ್ ಹೋಯ್ತಾ ಹೋಯ್ತಾ ಕೆಂಪಗಾಯ್ತದಲ್ಲ?’

‘ಕರೆಂಟು ತುದಿಗಂಟ ಹೋಗಕ್ಕಾಯ್ತಾ ಇಲ್ಲ ಕಣಣ್ಣ. ತುದೀಲೂ ಒಂದ್ ಲೈನ್ ಕೊಡ್ಬೇಕು.’

ಹುಡುಗ ಹೇಳಿದ್ದು ಸರಿ. ಕೆಂಪಿಗೆ 2 ವೋಲ್ಟು ಸಾಕು, ನೀಲಿಗೆ 3ರ ಮೇಲೆ ಬೇಕು ಎಂದೆವಲ್ಲ, ಈ ಪಟ್ಟಿಯ ಹಸಿರಿಗೂ ಹಾಗೆಯೇ. ತುದಿಯಲ್ಲಿ ವೋಲ್ಟು ಇಳಿದಾಗ ಮೊದಲು ಸೋಲುವುದು ನೀಲಿ, ಆಮೇಲೆ ಹಸಿರು. ಕೊನೆಗೆ ಉಳಿಯುವುದು ಕೆಂಪೊಂದೇ. ಪರಿಹಾರವೂ ಹುಡುಗ ಹೇಳಿದ್ದೇ: ದಪ್ಪ ತಂತಿಯಲ್ಲಿ ಪಟ್ಟಿಯ ಎರಡೂ ತುದಿಗೆ, ಉದ್ದವಾದರೆ ನಡುನಡುವೆಯೂ ಸಪ್ಲೈ ಕೊಡುವುದು. ಸಪ್ಲೈಯ ಮೈನಸ್ಸನ್ನೂ ಬೋರ್ಡಿನ ಮೈನಸ್ಸನ್ನೂ ಸೇರಿಸಲು ಮರೆತರೆ ಪಟ್ಟಿ ಹುಚ್ಚುಹುಚ್ಚಾಗಿ ಮಿಂಚುತ್ತದೆ, ಜನ ಅದನ್ನೇ ಎಫೆಕ್ಟ್ ಎಂದುಕೊಂಡು ಚಪ್ಪಾಳೆ ಹೊಡೆದರೂ ಹೊಡೆಯಬಹುದು. ಡೇಟಾ ತಂತಿಗೆ 300ರಿಂದ 500 ಓಮಿನ ಒಂದು ರೆಸಿಸ್ಟರು, ಸಪ್ಲೈ ಬಾಯಲ್ಲಿ 1000 ಮೈಕ್ರೊಫ್ಯಾರಡ್ ಕೆಪಾಸಿಟರು, ಇವೆರಡು ಇದ್ದರೆ ಮೊದಲ ಎಲ್‌ಇಡಿ ಬದುಕುತ್ತದೆ. ಜನರೇಟರಿನಲ್ಲಿ ನಡೆಸುವ ಹಬ್ಬದಲ್ಲಂತೂ ಬಿಡಲೇಬೇಡಿ. 230 ವೋಲ್ಟಿನ ಸಪ್ಲೈ ಪೆಟ್ಟಿಗೆಯನ್ನು, ಅಂದರೆ ಎಸ್‌ಎಂಪಿಎಸ್ಸನ್ನು ಡಬ್ಬಿಯಲ್ಲಿ ಮುಚ್ಚಿ, ಅರ್ಥಿಂಗ್ ಕೊಟ್ಟು, ನೆಲದಿಂದ ಮೇಲೆ ಇಡಿ. ಅಭಿಷೇಕದ ನೀರು ಹರಿಯುವ ಜಾಗ ಅದು. ಹಳೆಯ ಕಲ್ಲಿಗೆ ಮೊಳೆ ಹೊಡೆಯಬೇಡಿ, ದಾರದಲ್ಲಿ ಇಳಿಬಿಡಿ.

ಇಷ್ಟಾದ ಮೇಲೆ ಏನು ಬರೆಯುವುದು? ಓಡುವ ದೀಪವನ್ನೇ ಬರೆದರೆ ನವಿಲಿಗೂ ನಮಗೂ ವ್ಯತ್ಯಾಸವಿಲ್ಲ. ನನಗೆ ಕಾಣುವ ದಾರಿ ಕಂಸಾಳೆ. ಮಲೆ ಮಹದೇಶ್ವರನ, ಅಂದರೆ ಮಾದಪ್ಪನ ಕಥೆ ಹಾಡುವ ದೇವರಗುಡ್ಡರು ಎಡಗೈಯಲ್ಲಿ ಬಟ್ಟಲಿನಂಥ ತಾಳ ಹಿಡಿದು, ಬಲಗೈಯ ಗೊಂಡೆ ಕಟ್ಟಿದ ಚಪ್ಪಟೆ ತಾಳವನ್ನು ಬೀಸಿ ಬೀಸಿ ಹೊಡೆಯುತ್ತಾರೆ. ಆ ಲೋಹದ ಸದ್ದು ಚೂಪು, ದೂರದಿಂದಲೂ ಬೇರೆಯಾಗಿ ಕೇಳುತ್ತದೆ. ಒಂದು ಸಣ್ಣ ಮೈಕ್ ಮಾಡ್ಯೂಲನ್ನು ಬೋರ್ಡಿನ ಅನಲಾಗ್ ಕಾಲಿಗೆ ಕೊಟ್ಟರೆ ಸದ್ದಿನ ಏರಿಳಿತ 0ಯಿಂದ 1023ರವರೆಗಿನ ಸಂಖ್ಯೆಯಾಗಿ ಬರುತ್ತದೆ. ಸದ್ದಿಲ್ಲದಾಗ ನಡುವಿನ 512ರ ಆಸುಪಾಸು ನಿಂತಿರುತ್ತದೆ, ಏಟು ಬಿದ್ದೊಡನೆ ಎತ್ತಲೋ ಹಾರುತ್ತದೆ. ಹಾರಿದ್ದು ಇಷ್ಟಕ್ಕಿಂತ ಹೆಚ್ಚಾದರೆ ಏಟು ಎಂದು ಲೆಕ್ಕ. ಲೋಹ ಒಂದು ಸಲ ಹೊಡೆದ ಮೇಲೂ ಗುಂಯ್‌ಗುಡುತ್ತಿರುತ್ತದಾದ್ದರಿಂದ ಮುಂದಿನ 90 ಮಿಲಿ ಸೆಕೆಂಡು ಕಿವಿ ಮುಚ್ಚಿಕೊಳ್ಳಬೇಕು, ಇಲ್ಲವಾದರೆ ಒಂದೇ ಏಟಿಗೆ ಹತ್ತು ಸಲ ಎಣಿಸುತ್ತದೆ. ಪ್ರತಿ ಏಟಿಗೂ ಗೋಪುರದ ಬುಡದಿಂದ ಒಂದು ಬೆಳಕಿನ ಉಂಗುರ ಹೊರಟು ಮೇಲೇರುತ್ತ ಮಂದವಾಗಲಿ. ಏಟು ಬೇಗಬೇಗ ಬಿದ್ದರೆ ಉಂಗುರಗಳು ಒತ್ತೊತ್ತಾಗಿ ಹತ್ತುತ್ತವೆ, ಹಾಡುಗಾರ ಕಥೆ ಹೇಳಲು ನಿಲ್ಲಿಸಿದರೆ ಗೋಪುರ ಕತ್ತಲಲ್ಲಿ ನಿಲ್ಲುತ್ತದೆ. ಮೈಕ್ ಸೆಟ್ಟಿನವರ ಸ್ಪೀಕರು ಹತ್ತಿರವಿದ್ದರೆ ಈ ಆಟವೆಲ್ಲ ಕೆಡುತ್ತದೆ ಎಂಬುದೊಂದು ತಾಪತ್ರಯ. ನಮ್ಮ ಮಾಡ್ಯೂಲನ್ನು ಗಾಯಕರ ಮುಂದೆಯೇ ಇಟ್ಟು, ತಂತಿಯನ್ನು ಗೋಪುರದವರೆಗೆ ಎಳೆದುಕೊಂಡು ಹೋಗುವ ಬದಲು ಎರಡು ಇಎಸ್‌ಪಿ32 ಬೋರ್ಡು ತಂದು ಗಾಳಿಯಲ್ಲೇ ಸುದ್ದಿ ಕಳಿಸುವುದು ಮೇಲು.

ಪಟ್ಟಿಯಲ್ಲಿ ಒಂದು ಪಿಕ್ಸೆಲ್ ಸತ್ತರೆ ಅದರ ಮುಂದಿನದೆಲ್ಲ ಕತ್ತಲು. ಹಳೆಯ ಸೀರಿಯಲ್ ಸೆಟ್ಟಿನ ಕರ್ಮ ಇಲ್ಲೂ ಬಿಟ್ಟಿಲ್ಲ. ಆದರೆ ಹುಡುಕುವುದು ಸುಲಭ: ಬೆಳಕು ಎಲ್ಲಿ ನಿಂತಿತೋ ಅದರ ಮುಂದಿನದು ಅಥವಾ ಕೊನೆಯದಾಗಿ ಹೊತ್ತಿದ್ದು, ಎರಡರಲ್ಲೊಂದು. ಕತ್ತರಿಸಿ, ಹೊಸದನ್ನು ಬೆಸುಗೆ ಹಾಕಿದರೆ ಮುಗಿಯಿತು. ಸೋಲ್ಡರಿಂಗ್ ಐರನ್ ಇದ್ದವರು ಹಬ್ಬದ ದಿನ ಹೆದರಬೇಕಾಗಿಲ್ಲ.

ಗುಂಡ್ಲುಪೇಟೆ ಕಡೆ ಇದೇ ಬೋರ್ಡಿಗೆ ಹಬ್ಬದ ಹೊರಗೂ ಕೆಲಸವಿದೆ. ಬಂಡೀಪುರದ ಅಂಚಿನ ಹೊಲಗಳಿಗೆ ಕಾಡುಹಂದಿ, ಜಿಂಕೆ, ಆನೆ ಬರುವುದು ಎಲ್ಲರಿಗೂ ಗೊತ್ತಿರುವ ಗೋಳು. ಆಸ್ಟ್ರೇಲಿಯಾದಲ್ಲಿ ನರಿಗಳಿಂದ ಕುರಿಮರಿ ಉಳಿಸಿಕೊಳ್ಳಲು ಒಬ್ಬ ರೈತ ಮಾಡಿದ ‘ಫಾಕ್ಸ್‌ಲೈಟ್ಸ್’ ಎಂಬ ದೀಪ ಬೇರೆಬೇರೆ ದೇಶಗಳಲ್ಲಿ ಕಾಡುಪ್ರಾಣಿಗಳನ್ನು ದೂರವಿಡಲು ಬಳಕೆಗೆ ಬಂದಿದೆ. ಅದರ ಹೆಗ್ಗಳಿಕೆ ಪ್ರಖರತೆಯಲ್ಲಿಲ್ಲ, ಅಂಕೆ ತಪ್ಪಿದ ಮಿಣುಕಿನಲ್ಲಿದೆ. ಒಂದೇ ಲಯದಲ್ಲಿ ಮಿಣುಕುವ ದೀಪಕ್ಕೆ ಪ್ರಾಣಿ ಬೇಗ ಒಗ್ಗಿಹೋಗುತ್ತದೆ. ಯಾರೋ ಟಾರ್ಚು ಹಿಡಿದು ತಿರುಗಾಡುತ್ತಿದ್ದಾರೆ ಎನಿಸಬೇಕಾದರೆ ಮಿಣುಕು ಲೆಕ್ಕಕ್ಕೆ ಸಿಗಬಾರದು. ಪ್ರೋಗ್ರಾಮಿನಲ್ಲಿ ಇದು ಒಂದೇ ಸಾಲು. ಏನನ್ನೂ ಜೋಡಿಸದ ಒಂದು ಅನಲಾಗ್ ಕಾಲನ್ನು ಓದಿ, ಅಲ್ಲಿ ಗಾಳಿಯಲ್ಲಿ ತೇಲುವ ಕಂಗೆಟ್ಟ ಸಂಖ್ಯೆಯಿಂದ ‘ರ‍್ಯಾಂಡಮ್’ ಶುರುಮಾಡಿದರೆ ಪ್ರತಿ ರಾತ್ರಿಯೂ ಬೇರೆ ಓಟ. ಆರು ವೋಲ್ಟಿನ ಬ್ಯಾಟರಿ, ಸಣ್ಣ ಸೋಲಾರ್ ಪ್ಯಾನೆಲ್ಲು, ಕತ್ತಲಾದಾಗ ಮಾತ್ರ ಏಳಲು ಬೆಳಕು ಗುರುತಿಸುವ ಒಂದು ಎಲ್‌ಡಿಆರ್. ಆದರೆ ಆನೆಯ ವಿಷಯದಲ್ಲಿ ಇದನ್ನು ನಂಬಿ ರಾತ್ರಿ ಕಾವಲು ಬಿಡಬೇಡಿ.

ಹೂವಿನ ಹೊಲದಲ್ಲಿ ಮಾತ್ರ ಈ ಮಿಣುಕು ನೇರ ದುಡ್ಡು ಉಳಿಸುತ್ತದೆ. ಸೇವಂತಿಗೆ ರಾತ್ರಿ ದೊಡ್ಡದಾದಾಗ ಮೊಗ್ಗು ಹಿಡಿಯುವ ಗಿಡ. ಹಬ್ಬದ ರೇಟಿಗೆ ಸರಿಯಾಗಿ ಹೂ ಬರಲಿ ಎಂದು ಕರ್ನಾಟಕದ ಬೆಳೆಗಾರರು ಹೊಲದ ತುಂಬ ಬಲ್ಬು ಕಟ್ಟಿ ರಾತ್ರಿ ಹಚ್ಚಿಡುತ್ತಾರೆ. ನಡುರಾತ್ರಿ ಬೆಳಕು ಬಿದ್ದರೆ ಗಿಡ ಆ ರಾತ್ರಿಯನ್ನು ಗಿಡ್ಡವೆಂದು ಲೆಕ್ಕ ಹಿಡಿದು ಹೂವನ್ನು ಮುಂದಕ್ಕೆ ಹಾಕಿ ಎಲೆ, ಕಾಂಡ ಬೆಳೆಸಿಕೊಳ್ಳುತ್ತದೆ. ಬೆಳಕನ್ನು ಗುರುತಿಸುವ ಫೈಟೊಕ್ರೋಮ್ ಎಂಬ ವರ್ಣದ್ರವ್ಯ ಹೆಚ್ಚು ಓಗೊಡುವುದು ಕೆಂಪಿಗೆ, ಸುಮಾರು 660 ನ್ಯಾನೊಮೀಟರಿನ ಬೆಳಕಿಗೆ. ಹಸಿರುಮನೆಗಳವರು ಬಹಳ ಕಾಲದಿಂದ ಬಲ್ಲ ಇನ್ನೊಂದು ಸಂಗತಿ ಎಂದರೆ, ರಾತ್ರಿ ಬೆಳಕು ಕೊಡುವ ಹೊತ್ತಿನುದ್ದಕ್ಕೂ ಬಲ್ಬು ಹೊತ್ತಿಯೇ ಇರಬೇಕಾಗಿಲ್ಲ. ಅರ್ಧ ಗಂಟೆಗೆ ಆರು ನಿಮಿಷದಂತೆ ಬಿಟ್ಟುಬಿಟ್ಟು ಹಚ್ಚಿದರೂ ಗಿಡ ರಾತ್ರಿಯನ್ನು ಗಿಡ್ಡವೆಂದೇ ಎಣಿಸುತ್ತದೆ. ಹೊಲವನ್ನು ಐದು ಭಾಗ ಮಾಡಿ ಒಂದೊಂದು ಭಾಗಕ್ಕೆ ಸರದಿಯಂತೆ ಆರು ಆರು ನಿಮಿಷ ಕೊಟ್ಟರೆ, ಒಮ್ಮೆಗೆ ಹೊತ್ತುವುದು ಐದನೇ ಒಂದು ಪಾಲು ಬಲ್ಬು, ಬಿಲ್ಲೂ ಐದನೇ ಒಂದು ಪಾಲು. ಅದಕ್ಕೆ ಬೇಕಾದದ್ದು ಒಂದು ಊನೊ, ಐದು ರಿಲೇ, ಹೊತ್ತು ತಪ್ಪದಂತೆ ನೋಡಿಕೊಳ್ಳುವ ಡಿಎಸ್3231 ಗಡಿಯಾರದ ಮಾಡ್ಯೂಲು. ಪ್ರೋಗ್ರಾಂ ಒಂದಾದ ಮೇಲೊಂದು ಹೊತ್ತುವ ಓಡುವ ದೀಪದ್ದೇ, ಒಂದು ಹೆಜ್ಜೆಯ ಹೊತ್ತನ್ನು ಮಾತ್ರ 3,60,000 ಮಿಲಿ ಸೆಕೆಂಡು ಎಂದು ತಿದ್ದಬೇಕು.